ಹಸುವಿನ ಹೆಸರಿನ ಸೂಜಿಮದ್ದು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಡಸು ಒದ್ದು, ಬೆರಳು ಮೇವು ಹಾಕುವ ಗೊಂತಿನ ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ಹಸುವಿನ ಕುತ್ತಿಗೆ ತಡವಿ, ಅದು ಮೈ ಸಡಿಲ ಬಿಟ್ಟ ಮೇಲೆ ಸೂಜಿ ಚುಚ್ಚುತ್ತಿದ್ದರು. ಹುದ್ದೆಯಲ್ಲಿ ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು. ನಮಗೆ ಮಾತ್ರ ದನದ ಡಾಕ್ಟ್ರು. ನಾಗಮಂಗಲದ ಕಡೆಯವರು. ಪಾಂಡವಪುರ ತಾಲ್ಲೂಕಿನ ನಮ್ಮ ಕೊಪ್ಪಲಿಗೆ ಮೊಪೆಡ್ಡಿನ ಹಿಂದೆ ಲಸಿಕೆಯ ಐಸ್ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರು.

ಕಾಲುಬಾಯಿ ಜ್ವರದ ಲಸಿಕೆ ಎಂದರೆ ನಮ್ಮೂರಲ್ಲಿ ಮನೆಗೊಂದು ತಕರಾರು. ಚುಚ್ಚಿಸಿದರೆ ಹಾಲು ಕಮ್ಮಿಯಾಗುತ್ತದೆ, ಗಬ್ಬದ ಹಸು ದಿನ ತುಂಬದೆ ಕಂದು ಹಾಕುತ್ತದೆ ಎಂದು. ಅವರು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಡೈರಿಯ ಜಗಲಿ ಮೇಲೆ ಕೂತು ಪದದ ಕಥೆ ತೆಗೆಯುತ್ತಿದ್ದರು.

"ವ್ಯಾಕ್ಸೀನು ಅಂತೀವಲ್ಲ, ಆ ಪದದೊಳಗೇ ಒಂದು ಅಸ ಅದೆ ಕಣ್ರಪ್ಪ. ಲ್ಯಾಟಿನ್ ಅಂತ ಅಳೇ ಭಾಷೆ, ನಮಗೆ ಸಂಸ್ಕೃತ ಇದ್ದಂಗೆ ಅವರಿಗೆ. ಅದ್ರಲ್ಲಿ ವಾಕ್ಕ ಅಂದ್ರೆ ಅಸ. ಆಲು ಕರೆಯೋ ಎಂಗಸ್ರಿಗೆ ಕೆಚ್ಚಲಿಂದ ಕೈಗೆ ಸಣ್ಣ ಬೊಕ್ಕೆ ಅಂಟ್ತಿತ್ತು. ಅಂಗೆ ಅಂಟಿದೋರಿಗೆ ಸಿಡುಬು ಬರ್ತಿರ್ನಿಲ್ಲ. ಆ ಬೊಕ್ಕೆ ಕೀವನ್ನೇ ತಗದು ಮನ್ಸರಿಗೆ ಆಕುದ್ರು. ಅಸಿಂದ ಬಂದದ್ದು ಅಂತ ಎಸ್ರಿಟ್ರು."

ಫ್ರಾನ್ಸಿನವರು ವಾಕ್ಸ್ಯಾಂ, ಸ್ಪೇನಿನವರು ಬಕೂನ, ಇಟಲಿಯವರು ವಚ್ಚೀನೊ ಎಂದು ಬೆರಳು ಮಡಿಸಿ ಎಣಿಸುತ್ತಿದ್ದರು. ಮೈಸೂರಿನ ತರಬೇತಿಯಲ್ಲಿ ಒಬ್ಬ ಮೇಷ್ಟ್ರು ಹೇಳಿಕೊಟ್ಟದ್ದಂತೆ. ಉಚ್ಚಾರ ಸರಿಯೋ ತಪ್ಪೋ ನಮಗೇನು ಗೊತ್ತು, ಅವರಿಗೂ ಗೊತ್ತಿರಲಿಕ್ಕಿಲ್ಲ.

"ಅಂಗಾದ್ರೆ ಎಮ್ಮೆಗ್ಯಾಕ್ ಆಕ್ತೀರಿ ಸಾ?" ಎಂದು ನಮ್ಮ ಯಜಮಾನರು ಕೆಣಕಿದರು.

"ಆಮ್ಯಾಕೆ ಎಲ್ಲಾ ರೋಗದ ಮದ್ದಿಗೂ ಅದೇ ಎಸ್ರು ಅಂಟ್ಕತು. ಎಮ್ಮೆಗೂ ಅದೇ, ನಾಯಿಗೂ ಅದೇ, ನಿಂಗೂ ಅದೇ ಕಣಯ್ಯ. ಮೊದ್ಲು ನಮ್ಮನ್ನ ಉಳಿಸಿದ್ದು ಅಸ. ಈಗ ನಾವು ಅದ್ನ ಉಳಿಸ್ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕವಳೇ ಮನೆಗೆ ಬಂದು, ಏಳು ತಿಂಗಳ ಗಬ್ಬದ ನನ್ನ ಹಸುವನ್ನು ಹಿತ್ತಲಿಂದ ಹೊಡೆದುಕೊಂಡು ಹೋಗಿ, ಯಜಮಾನರಿಗೂ ತಿಳಿಸದೆ, ನಿಂತುಹೋಗಿದ್ದ ಆಲೆಮನೆಯಲ್ಲಿ ಕಟ್ಟಿಬಿಟ್ಟೆ. ಡಾಕ್ಟ್ರು ಬಂದು "ಅಸ ಎಲ್ಲವ್ವ?" ಎಂದಾಗ "ಅರಕೆರೆಗೆ, ನಮ್ಮವ್ವನ ಮನೆಗೆ ಕಳ್ಸಿವ್ನಿ ಸಾ" ಎಂದೆ. ಗೊಂತಿನ ಪಕ್ಕದಲ್ಲಿ ಹಸಿ ಸಗಣಿ ಬಿದ್ದಿತ್ತು. ಅದನ್ನು ನೋಡಿದರು, ಡಬ್ಬಿ ಎತ್ತಿಕೊಂಡು ಮುಂದಿನ ಮನೆಗೆ ಹೋದರು.

ಹಿಂದಿನ ವಾರವಷ್ಟೇ ದನದ ವ್ಯಾಪಾರಿಯೊಬ್ಬ ಸಂತೆಗೆ ಹೋಗುವ ದಾರಿಯಲ್ಲಿ ತನ್ನ ಎತ್ತುಗಳನ್ನು ಅದೇ ಆಲೆಮನೆಯಲ್ಲಿ ಕಟ್ಟಿದ್ದ. ಅದು ನನಗೆ ಗೊತ್ತಿತ್ತು, ಊರೂರು ತಿರುಗುವ ದನ ರೋಗ ಬಿಟ್ಟುಹೋಗುತ್ತದೆ ಎಂಬುದೂ ಗೊತ್ತಿತ್ತು. ಬುದ್ಧಿಗೆ ಮಂಕು ಕವಿಯಿತು ಎನ್ನುತ್ತಾರಲ್ಲ, ಹಾಗೆ. ಸಂಜೆ ವಾಪಸು ಹೊಡೆದುಕೊಂಡು ಬಂದ ಹಸು ಹತ್ತು ದಿನಕ್ಕೆ ಜೊಲ್ಲು ಸುರಿಸತೊಡಗಿತು. ಗೊರಸಿನ ಸಂದಿಯಲ್ಲಿ ಹುಣ್ಣಾಯಿತು. ಯಾವುದಕ್ಕೆ ಹೆದರಿ ಬಚ್ಚಿಟ್ಟೆನೋ ಅದೇ ಆಯಿತು, ಕಂದು ಹಾಕಿತು.

ಅಲ್ಲಿಂದ ರೋಗ ಪಕ್ಕದ ಮನೆಯ ಚಿಕ್ಕವ್ವನ ಕೊಟ್ಟಿಗೆಗೆ ದಾಟಿತು. ಲಸಿಕೆ ಬಿದ್ದಿದ್ದ ದೊಡ್ಡ ಹಸುಗಳು ಹೇಗೋ ತಡೆದುಕೊಂಡವು. ಲಸಿಕೆಗೆ ಇನ್ನೂ ವಯಸ್ಸಾಗದ ಎಳೆಗರುಗಳು ತಡೆಯಲಿಲ್ಲ. ಚಿಕ್ಕವ್ವನ ಎರಡು ಕರುಗಳು ತಾಯ ಮೊಲೆಗೆ ಬಾಯಿಟ್ಟ ಹಾಗೇ ಕುಸಿದು ಸತ್ತವು. ಗಂಡನಿಲ್ಲದ ಹೆಂಗಸು, ಸತ್ತ ಕರುವಿನ ಕಿವಿ ಹಿಡಿದುಕೊಂಡು ಬೀದಿಯಲ್ಲೇ ಕೂತುಬಿಟ್ಟರು. ಬೀದಿಯ ಇನ್ನೂ ನಾಲ್ಕು ಮನೆಯಲ್ಲಿ ಕರು ಸತ್ತವು.

ಡಾಕ್ಟ್ರು ನಮ್ಮ ಮನೆಗೂ ಬಂದು ಹೋದದ್ದನ್ನು ಕಂಡು, ನನ್ನ ಹಸುವಿಗೂ ಲಸಿಕೆ ಬಿದ್ದಿದೆ ಎಂದೇ ಊರು ತಿಳಿದಿತ್ತು. ಹಾಗೇ ತಿಳಿಯಲಿ ಎಂದು ಬಿಟ್ಟೆ. ಚುಚ್ಚಿಸಿಕೊಂಡ ಹಸುವೇ ಮೊದಲು ಬಿತ್ತು, ಕಂದೂ ಹಾಕಿತು, ಹಾಗಾದರೆ ರೋಗ ಸೂಜಿಯಲ್ಲೇ ಬಂತು ಎಂದು ಊರು ಲೆಕ್ಕ ಹಾಕಿತು. ಡೈರಿ ಮುಂದೆ ಡಾಕ್ಟ್ರನ್ನು ಹಿಡಿದು ನಿಲ್ಲಿಸಿದರು. "ಮನೆಮನೆಗೂ ರೋಗವ ನೀನೇ ಚುಚ್ಬುಟ್ಟಲ್ಲೋ" ಎಂದು ಚಿಕ್ಕವ್ವ ಅವರ ಮುಖಕ್ಕೆ ಮಣ್ಣು ತೂರಿದರು. ಯಾರೋ ಐಸ್ ಡಬ್ಬಿಯನ್ನು ನಾಲೆಗೆಸೆದ. ಯಾವ ಮನೆಯ ಯಾವ ಹಸುವಿಗೆ ಹಾಕಿದೆ ಎಂದು ಬರೆದಿಡುವ ಪುಸ್ತಕ ಅವರ ಅಂಗಿ ಜೇಬಿನಲ್ಲೇ ಇತ್ತು. ತೆರೆದು ತೋರಿಸಿದ್ದರೆ ಸಾಕಿತ್ತು. ನನ್ನ ಕಡೆ ಒಮ್ಮೆ ನೋಡಿದರು, ತೆರೆಯಲಿಲ್ಲ. ಅವರ ಮೇಲೆ ಊರವರು ಬರೆದ ಅರ್ಜಿಗೆ ನಾನೂ ರುಜು ಹಾಕಿದೆ.

ಕೆ.ಆರ್. ಪೇಟೆಯ ಗಡಿಯ ಹಳ್ಳಿಗೆ ಅವರನ್ನು ವರ್ಗ ಮಾಡಿದರು. ಹೋಗುವ ಮುನ್ನ ನನ್ನ ಹಸುವಿನ ಗೊರಸಿಗೆ ಹಚ್ಚಲು ಮುಲಾಮು ಕೊಡಲು ಬಂದರು. ನನಗೆ ತಲೆಯೆತ್ತಲು ಆಗಲಿಲ್ಲ.

"ಯಾಕ್ ಸಾ ಯೋಳ್ನಿಲ್ಲ ನೀವು?"

"ಯೋಳಿದ್ರೆ ಈ ಊರು ನಿನ್ನ ಬುಡ್ತಿತ್ತಾ? ನಂಗಾದ್ರೆ ವರ್ಗ ಅಂತ ಒಂದದೆ. ನಿಂಗೆಲ್ಲದೆ ವರ್ಗ?" ಎಂದರು. "ಮುಂದ್ಲ ಸಲ ಆಕ್ಸ್ಬುಡವ್ವ."

ಮತ್ತೆ ನಾನು ಅವರನ್ನು ನೋಡಲಿಲ್ಲ. ಕೊರೊನಾ ಕಾಲದಲ್ಲಿ, ಮನುಷ್ಯರ ಲಸಿಕೆ ಬರುವುದಕ್ಕೆ ಮೊದಲೇ, ಉಸಿರಾಟಕ್ಕೆ ಕಷ್ಟವಾಗಿ ತೀರಿಕೊಂಡರಂತೆ. ಎಷ್ಟೋ ತಿಂಗಳ ಮೇಲೆ ಹೊಸ ಇನ್ಸ್‌ಪೆಕ್ಟರು ಹೇಳಿದ ಮೇಲೆ ತಿಳಿಯಿತು. ಚಿಕ್ಕವ್ವನಿಗೆ ಹೇಳಿದೆ. ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸದೆ, "ನನ್ ಕರುಗಳ ಕೊಂದೋನು, ಅಂಗೇ ಆಗ್ಬೇಕಿತ್ತು ಬುಡು" ಎಂದರು. ನಾನು ಅವರ ಮೊರಕ್ಕೆ ಇನ್ನೊಂದಿಷ್ಟು ರಾಗಿ ಸುರಿದೆ.

ಈಗ ಪಕ್ಕದೂರಿಗೆ ಮತ್ತೆ ಕಾಲುಬಾಯಿ ಜ್ವರ ಬಂದಿದೆ. ನಿನ್ನೆ ಚಿಕ್ಕವ್ವ ಹೊಸ ಇನ್ಸ್‌ಪೆಕ್ಟರನ್ನು ಪೊರಕೆ ಹಿಡಿದು ಅಂಗಳದಿಂದ ಅಟ್ಟಿದರು. ಅವರ ಕೊಟ್ಟಿಗೆಯಲ್ಲಿ ಗಬ್ಬದ ಹಸುವೊಂದಿದೆ. ತೀರಿಕೊಂಡ ಆ ಪುಣ್ಯಾತ್ಮ ಉಳಿಸಿಕೊಟ್ಟ ಮರ್ಯಾದೆಯಲ್ಲಿ ನಾನು ಇಷ್ಟು ವರ್ಷ ಬದುಕಿದೆ. ಚಿಕ್ಕವ್ವನಿಗೆ ಓದು ಬರುವುದಿಲ್ಲ. ಬೆಳಗಾದರೆ, ಈ ರಾತ್ರಿ ಕೂತು ಬರೆದ ಇದನ್ನು ಅವರ ಜಗಲಿಯಲ್ಲಿ ಕೂತು ನಾನೇ ಓದಿ ಹೇಳುತ್ತೇನೆ.