ಕುಸುಬಿ ಎಣ್ಣೆಯ ಕಂದೀಲು

ನಮ್ಮ ಕಡೆ ರೈಲ್ವೆ ಸ್ಟೇಷನ್ನಿನ ಹೆಸರಿನ ತುದಿಗೆ ‘ರೋಡ್’ ಎಂದಿದ್ದರೆ ಊರು ಅಲ್ಲಿಲ್ಲ ಎಂದು ತಿಳಿಯಬೇಕು. ಇಂಡಿ ರೋಡಿನಲ್ಲಿ ಇಂಡಿ ಇಲ್ಲ, ಬಸವನ ಬಾಗೇವಾಡಿ ರೋಡಿನಲ್ಲಿ ಬಾಗೇವಾಡಿ ಇಲ್ಲ. ಸಿಂದಗಿ, ಮುದ್ದೇಬಿಹಾಳಗಳಿಗೆ ಈ ಸುಳ್ಳಿನ ಭಾಗ್ಯವೂ ಇಲ್ಲ, ಅಲ್ಲಿಗೆ ರೈಲೇ ಹೋಗುವುದಿಲ್ಲ. ತೊಂಬತ್ತರ ದಶಕದಲ್ಲಿ, ಮೀಟರ್‌ಗೇಜ್ ಗಾಡಿ ಇನ್ನೂ ಓಡುತ್ತಿದ್ದಾಗ, ಒಂದು ಕ್ರಿಸ್‌ಮಸ್ಸಿನ ಹಿಂದಿನ ದಿನ ಇಂಥ ಎರಡು ಸ್ಟೇಷನ್ನುಗಳ ನಡುವೆ ಒಂದು ಜ್ಯೋತಿಯನ್ನು ಸಾಗಿಸುವ ಹೊಣೆ ನನ್ನ ತಲೆಗೆ ಬಂತು.

ಜ್ಯೋತಿ ನಮ್ಮ ಪಕ್ಕದ ಮನೆಯ ನರ್ಸಬಾಯಿಯದು. ಅವರ ಮಂದಿಯಲ್ಲಿ ಒಂದು ಪದ್ಧತಿ ಇತ್ತು. ಸೊಲ್ಲಾಪುರದ ಚರ್ಚಿನಲ್ಲಿ ಹಚ್ಚಿದ ದೀಪವನ್ನು ಕಂದೀಲಿನಲ್ಲಿಟ್ಟು ಬೆಳಗಿನ ಪ್ಯಾಸೆಂಜರಿನ ಗಾರ್ಡಿನ ಕೈಗೆ ಕೊಡುವರು. ದಾರಿಯ ಸ್ಟೇಷನ್ನುಗಳಲ್ಲಿ ತಮ್ಮ ತಮ್ಮ ಕಂದೀಲು ಹಿಡಿದು ನಿಂತವರು ಅದರಿಂದ ಹಚ್ಚಿಕೊಳ್ಳುವರು. ಕಡ್ಡಿ ಗೀರಿ ಹಚ್ಚಿದ್ದು ಲೆಕ್ಕಕ್ಕಿಲ್ಲ. ಗಾರ್ಡಿನ ಕಂದೀಲು ವಿಜಾಪುರದಲ್ಲಿ ಇಳಿದುಬಿಡುತ್ತಿತ್ತು. ಅಲ್ಲಿಂದ ಮುಂದೆ ಬಾಗೇವಾಡಿ ರೋಡಿನವರೆಗೆ ನರ್ಸಬಾಯಿಯೇ ಪ್ರತಿ ವರ್ಷ ನಮ್ಮ ಇಂಡಿ ರೋಡಿನಲ್ಲಿ ಹಚ್ಚಿಕೊಂಡು ಒಯ್ಯುತ್ತಿದ್ದರು, ಯಾಕೆಂದರೆ ಅಲ್ಲಿ ಹಳಿ ದಾಟಿದರೆ ಅವರ ಅಕ್ಕನ ಮನೆ.

ಆ ವರ್ಷ ಅಕ್ಕ ಹಾಸಿಗೆ ಹಿಡಿದಿದ್ದರು.

“ಈ ಹಬ್ಬ ದಾಟೂದು ಕಷ್ಟ ಅಂದಾರ್ರಿ ಡಾಕ್ಟರು. ಅಕಿ ಬ್ಯಾರೆ ಏನೂ ಕೇಳವಲ್ಲಳು, ದೀಪ ಬಂತೇನು ಅಂತಷ್ಟ ಕೇಳಾಕತ್ಯಾಳ. ನನಗ ರಜಾ ಸಿಗವಲ್ದು, ವಾರ್ಡಿನಾಗ ಮೂರು ಹೆರಿಗಿ ಅದಾವ. ನೀವೊಂದು ಮುಟ್ಟಿಸಿಬಿಡ್ರಿ ಮಾಸ್ತರ್ರ.”

ನನ್ನ ಎರಡೂ ಮಕ್ಕಳನ್ನು ಲೋಕಕ್ಕೆ ಎಳೆದು ತಂದ ಕೈ ಅದು. ಅವರ ಕಂದೀಲನ್ನು ಇಸಿದುಕೊಂಡೆ.

ಮರುದಿನ ಬೆಳಿಗ್ಗೆ ನಮ್ಮವ್ವ ಹಿತ್ತಲಲ್ಲಿ ಕೂತು ಆ ಕಂದೀಲಿನ ಗಾಜನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. “ಇದು ದೇವರ ದೀಪ ಹೌದಲ್ಲೋ?” ಎಂದು ಕೇಳಿದಳು. ಯಾವ ದೇವರು ಎಂದು ಕೇಳಲಿಲ್ಲ. ಹೌದೆಂದೆ. ನನ್ನ ತಪ್ಪು ಅಷ್ಟೇ.

ಇಂಡಿ ರೋಡಿನಲ್ಲಿ ಗಾರ್ಡಸಾಹೇಬರು ತಮ್ಮ ಕಂದೀಲಿನಿಂದ ನನ್ನದಕ್ಕೆ ಹಚ್ಚಿಕೊಟ್ಟರು. ನಾನು ರಾಯಭಾರಿಯ ಗಾಂಭೀರ್ಯದಿಂದ ಮೂರನೇ ಡಬ್ಬಿ ಹತ್ತಿ, ಕಂದೀಲನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೂತೆ. ವಿಜಾಪುರದವರೆಗೆ ದೀಪ ಹದವಾಗಿಯೇ ಉರಿಯಿತು. ಅಲ್ಲಿ ಗಾರ್ಡಿನ ಕಂದೀಲು ಇಳಿದುಹೋಯಿತು. ಇನ್ನು ಇಡೀ ಗಾಡಿಯಲ್ಲಿ ಸೊಲ್ಲಾಪುರದ ಬೆಂಕಿ ಎಂಬುದು ನನ್ನ ಕಾಲ ಬಳಿ ಇದ್ದದ್ದೊಂದೇ.

ಮುಳವಾಡ ದಾಟಿದ ಮೇಲೆ ಅದು ಸಣ್ಣಗಾಯಿತು. ಬತ್ತಿ ಏರಿಸಿದೆ, ಕರಿ ಹೊಗೆ ಬಂತು. ಇನ್ನಷ್ಟು ಏರಿಸಿದೆ, ಉರಿ ಕಡಲೆಕಾಳಿನಷ್ಟಾಯಿತು. ಅಲುಗಿಸಿ ನೋಡಿದರೆ ಕಂದೀಲಿನ ತುಂಬ ಎಣ್ಣೆ!

ಎದುರಿಗೆ ಕಂಬಳಿ ಹೊದ್ದು ಕೂತಿದ್ದ ಮುದುಕ ಮೂಗರಳಿಸಿದ. “ಏನ್ ಹಾಕೀರಿ ಇದರಾಗ? ಕುಸುಬಿ ಎಣ್ಣಿ ವಾಸನಿ ಬರಾಕತ್ತೈತಿ. ಭಜಿ ಕರೀತೀರೇನು?”

ಆಗ ಹೊಳೆಯಿತು. ದೇವರ ದೀಪಕ್ಕೆ ಚಿಮಣಿ ಎಣ್ಣೆಯೇ ಎಂದು ಅವ್ವ ಇದ್ದ ಸೀಮೆಎಣ್ಣೆಯನ್ನು ಬಗ್ಗಿಸಿ ತೆಗೆದು, ಮಡಿಯಿಂದ ಕುಸುಬಿ ಎಣ್ಣೆ ತುಂಬಿಟ್ಟಿದ್ದಳು. ದಪ್ಪ ಎಣ್ಣೆ ಆ ಉದ್ದ ಬತ್ತಿಯನ್ನು ಏರುವುದಿಲ್ಲ. ಇಷ್ಟು ಹೊತ್ತು ಉರಿದದ್ದು ತಳದಲ್ಲಿ ಉಳಿದಿದ್ದ ಚೂರುಪಾರು ಚಿಮಣಿ ಎಣ್ಣೆ.

ಡಬ್ಬಿಯ ತುಂಬ ಕಡ್ಡಿಪೆಟ್ಟಿಗೆಗಳಿದ್ದವು. ನಾಲ್ಕು ಮಂದಿ ಉದಾರವಾಗಿ ಚಾಚಿದರು. ಬೇಡವೆಂದು ಕೈಮುಗಿದು ಸಂಗತಿ ಹೇಳಿದೆ, ಸಾಯಲು ಬಿದ್ದವಳು ಕಾಯುತ್ತಿದ್ದಾಳೆ ಎಂಬುದನ್ನೂ ಹೇಳಿದೆ. ಮುದುಕ ಕಿವಿಯ ಮೇಲಿನ ಬೀಡಿ ತೆಗೆದು, ಗಾಜು ಎತ್ತಿಸಿ, ಆ ಕಾಳಿನಂಥ ಉರಿಗೆ ಹಿಡಿದು ಜಗ್ಗಿದ. ಬೀಡಿ ಹೊತ್ತಿತು. ದೀಪ ಆರಿತು.

“ಈಗ ನಿಮ್ಮ ದೇವರು ಇಲ್ಲಿ ಅದಾನ ನೋಡ್ರಿ,” ಎಂದು ಬೀಡಿ ತೋರಿಸಿದ.

ಬೀಡಿಯ ಗುಣ ಬಲ್ಲವರಿಗೆ ಗೊತ್ತು, ಜಗ್ಗದಿದ್ದರೆ ಆರುತ್ತದೆ. ಮುದುಕ ಜಗ್ಗುತ್ತ ಹೋದ. ಒಂದು ಮುಗಿಯುವ ಮುಂಚೆ ಅದರಿಂದ ಇನ್ನೊಂದು. ಮೂರನೆಯದಕ್ಕೆ ಕೆಮ್ಮು ಹಿಡಿಯಿತು. ಕಣ್ಣಲ್ಲಿ ನೀರು, ಕೊರಳ ನರ ಉಬ್ಬಿದವು. ಕೆಮ್ಮಿನ ನಡುವೆಯೇ ಬೀಡಿಯನ್ನು, ಜೊತೆಗೆ ಹೊಸದೆರಡನ್ನು ನನ್ನ ಕಡೆ ಚಾಚಿದ. “ಇನ್ನ... ನೀವ ಸೇದ್ರಿ.”

ನಾನು ಸಾಲಿಯಲ್ಲಿ ನೀತಿಪಾಠದ ಪೀರಿಯಡ್ ತೆಗೆದುಕೊಳ್ಳುತ್ತಿದ್ದವನು. ಹೊಗೆಯ ಚಟದ ಮೇಲೆ ನನ್ನ ಭಾಷಣ ಕೇಳಿ ಮಕ್ಕಳು ತಮ್ಮ ಅಪ್ಪಂದಿರ ಬೀಡಿಕಟ್ಟು ಬಾವಿಗೆಸೆದ ಇತಿಹಾಸವಿತ್ತು. ಬೀಡಿಯ ತುದಿ ಕಪ್ಪಾಗತೊಡಗಿತು. ಬಾಯಿಗಿಟ್ಟು ಜಗ್ಗಿದೆ. ಕೆಮ್ಮಿದೆ. ಮತ್ತೆ ಜಗ್ಗಿದೆ.

“ಮೆಲ್ಲಕರಿ ಮಾಸ್ತರ್ರ, ಕಬ್ಬು ತಿಂದಂಗ ಜಗ್ಗಬ್ಯಾಡ್ರಿ!” ಎಂದು ಯಾರೋ ಪಾಠ ಹೇಳಿದರು.

ಬಾಗೇವಾಡಿ ರೋಡಿನಲ್ಲಿ ಇಳಿದಾಗ ನನ್ನ ಬಳಿ ಉಳಿದಿದ್ದದ್ದು ಕೊನೆಯ ಬೀಡಿ. ಒಂದು ಕೈಯಲ್ಲಿ ಆರಿದ ಕಂದೀಲು, ಬಾಯಲ್ಲಿ ಬೀಡಿ, ಕಣ್ಣು ಕತ್ತಲೆ. ಪ್ಲಾಟ್‌ಫಾರ್ಮಿನಲ್ಲಿ ನನ್ನದೇ ವಿದ್ಯಾರ್ಥಿಯೊಬ್ಬನ ತಂದೆ “ನಮಸ್ಕಾರ್ರಿ ಸರ” ಎಂದರು. ಉತ್ತರಕ್ಕೆ ಬಾಯಿ ತೆರೆದರೆ ಬೀಡಿ ಬೀಳುತ್ತದೆ, ತಲೆಯಾಡಿಸಿ ಹಳಿ ದಾಟಿ ಓಡಿದೆ. ನಡುವೆ ಒಮ್ಮೆ ವಾಂತಿ ಬಂದು ಬಗ್ಗಿದೆ. ಆಗಲೂ ಬೀಡಿ ಹಿಡಿದ ಕೈಯನ್ನು ಮೇಲೆತ್ತಿಯೇ ಇದ್ದೆ.

ಅಕ್ಕನ ಮಗಳು ಬಾಗಿಲಲ್ಲೇ ಕಂದೀಲು ಹಿಡಿದು ನಿಂತಿದ್ದಳು. ನನ್ನ ಆರಿದ ಕಂದೀಲು ನೋಡಿ ಅವಳ ಮುಖವೂ ಆರಿತು. ಬೀಡಿ ತೋರಿಸಿ ಎರಡೇ ಮಾತಲ್ಲಿ ಹೇಳಿದೆ. ಒಳ್ಳೆಯ ಹುಡುಗಿ, ನಗಲಿಲ್ಲ. ಒಳಗೆ ಓಡಿ ಸಗಣಿಯ ಕುಳ್ಳು ಪುಡಿಮಾಡಿ, ಮೇಲೆ ತೆಂಗಿನ ನಾರು ಹರಡಿ ತಂದು ಹಾಸಿಗೆಯ ಪಕ್ಕದಲ್ಲೇ ಇಟ್ಟಳು.

ಹಾಸಿಗೆಯಿಂದ ಕ್ಷೀಣ ದನಿ ಬಂತು. “ಯಾರವ್ವಾ, ಬೀಡಿ ಸೇದಾಕತ್ತಾರ?”

“ದೀಪಾ ಯವ್ವಾ. ಈ ವರ್ಷ ಹಿಂಗ ಬಂದೈತಿ.”

ಬೀಡಿ ದಾರದವರೆಗೆ ಸುಟ್ಟಿತ್ತು, ನನ್ನ ಬೆರಳೂ ಸುಡುತ್ತಿತ್ತು. ಕುಳ್ಳಿನ ಪುಡಿಗೆ ಒತ್ತಿ ಇಬ್ಬರೂ ಊದಿದೆವು. ಹೊಗೆ ಬಂತು, ನಿಂತಿತು. ಮತ್ತೆ ಊದಿದೆವು. ಬೀಡಿಯ ತುದಿ ಬೂದಿಯಾಗಿ ಉದುರಿತು. ಇನ್ನು ಏನೂ ಇರಲಿಲ್ಲ. ಹುಡುಗಿ ನೆಲಕ್ಕೆ ಕೆನ್ನೆ ಹಚ್ಚಿ ಊದುತ್ತಲೇ ಇದ್ದಳು, ಅಳುತ್ತಿದ್ದಳೋ ಊದುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಪುಡಿಯ ಒಳಗೆ ಎಲ್ಲೋ ಒಂದು ಕೆಂಪು ಚುಕ್ಕೆ ಕಂಡಿತು. ನಾರಿನ ಎಳೆಯೊಂದು ಸುರುಳಿ ಸುತ್ತಿ ಭಗ್ಗೆಂದಿತು.

ಆ ಉರಿಯಿಂದ ಹಚ್ಚಿಕೊಂಡ ತನ್ನ ಕಂದೀಲನ್ನು ಹುಡುಗಿ ಮುಖದ ಹತ್ತಿರ ಒಯ್ದಾಗ ಅಕ್ಕ ಬಹಳ ಹೊತ್ತು ನೋಡಿದರು. “ಬಂತಲ್ಲ. ತಂಗಿಗಿ ಹೇಳ್ರಿ,” ಎಂದರು. ಹಬ್ಬದ ಮರುದಿನ ಅವರು ಹೋದಾಗ ಕಂದೀಲು ಉರಿಯುತ್ತಿತ್ತಂತೆ.

ಸಂಜೆ ನಾನು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನನ್ನ ಅಂಗಿ ಮೂಸಿ ಎರಡು ಹೆಜ್ಜೆ ಹಿಂದೆ ಸರಿದಳು. ಬಚ್ಚಲು ತೋರಿಸಿದಳು. ಸ್ನಾನ ಮಾಡಿ ಬಂದ ಮೇಲೆ, ಮುಖ ನೋಡದೆ ಕೇಳಿದಳು, “ದೀಪರೆ ನೆಟ್ಟಗ ಉರೀತೋ ಇಲ್ಲೋ?”

“ಉರೀತವ್ವಾ.”

“ಉರೀದೇ ಏನು? ಮನೀ ಗಾಣದ ಎಣ್ಣಿ ಅದು,” ಎಂದು ಅವ್ವ ತಟ್ಟೆ ಹಾಕಿದಳು.

ಬೀಡಿ ಸೇದುವ ಮಗನೆಂಬ ದುಃಖವನ್ನು ಅವಳು ಕೊನೆಯವರೆಗೂ ಇಟ್ಟುಕೊಂಡಳು. ನಾನು ಅದನ್ನು ಹಾಗೆಯೇ ಬಿಟ್ಟೆ.