ಹೊಂಗೆಯ ಬುಡದಲ್ಲಿ ಒಂದು ಚೊಂಬು ನೀರು

ಸೂಲಿಬೆಲೆ ಹತ್ತಿರದ ನಮ್ಮೂರ ಮಸೀದಿಯಲ್ಲಿ ನೀರಿನ ವಿಚಾರಕ್ಕೆ ದೊಡ್ಡ ಜಗಳವೇ ನಡೆಯಿತೆಂದು ಈಗಲೂ ಹೇಳುವವರಿದ್ದಾರೆ. ಎದುರು ಜಗಲಿಯಲ್ಲಿ ಕುಳಿತು ಕಂಡ ನಾನು ಅದನ್ನು ಒಪ್ಪಲಾರೆ.

ಅಲ್ಲಿ ಆಜಾನ್ ಕೂಗುತ್ತಿದ್ದ ಹಿರಿಯರು ನಮಾಜಿಗೆ ಮುಂಚೆ ಒಂದೇ ಚೊಂಬು ನೀರಿನಲ್ಲಿ ಕೈ, ಮುಖ, ಕಾಲು ತೊಳೆದುಕೊಳ್ಳುತ್ತಿದ್ದರು. ಕೆರೆ ಕೋಡಿ ಬಿದ್ದ ವರ್ಷ ನಾನು ಕೆಣಕಿದೆ: “ಏನ್ ಸಾಬ್ರೇ, ಕೆರೆ ತುಂಬಿದ್ರೂ ಜಿಪುಣತನವಾ?”

“ಹರಿಯೋ ಹೊಳೆ ದಂಡೇಲಿ ಕೂತ್ರೂ ಪೋಲು ಮಾಡ್ಬೇಡಿ ಅಂತ ನಮ್ಮ ಪೈಗಂಬರ್ರು ಹೇಳವ್ರೆ, ಯಜಮಾನ್ರೇ. ಇನ್ನೊಬ್ರಿಗೂ ಬೇಕಲ್ವಾ?” ಎಂದು ನಕ್ಕರು.

ನಮ್ಮ ಬೀದಿಗೆ ನೆರಳೆಂದರೆ ಮಸೀದಿ ಗೋಡೆಯಾಚೆಯ ಹೊಂಗೆಮರ ಒಂದೇ. ಡೇರಿಗೆ ಹಾಲು ತರುವ ಹೆಂಗಸರು ಅದರಡಿಯಲ್ಲೇ ಕಾಯುತ್ತಿದ್ದರು. ಮಸೀದಿಯೊಳಗೆ ಕೈಕಾಲು ತೊಳೆದ ನೀರೆಲ್ಲ ಅದರ ಬುಡಕ್ಕೆ ಹರಿಯುತ್ತಿತ್ತು. ಮಸೀದಿಗೆ ಟೈಲ್ಸ್ ಹಾಕಿಸಿದಾಗ ಮೇಸ್ತ್ರಿ ಆ ನೀರಿನ ಪೈಪನ್ನು ಚರಂಡಿಗೆ ತಿರುಗಿಸಿದ. ಚಿಗುರಬೇಕಾದ ಕಾಲಕ್ಕೆ ಮರ ಒಣಗತೊಡಗಿತು.

ಹಿರಿಯರು ಯಾರನ್ನೂ ದೂರಲಿಲ್ಲ. ಚೊಂಬು ಹಿಡಿದು ಹೊರಗೆ ಬಂದು ಹೊಂಗೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಲ್ಲೇ ಕೈಕಾಲು ತೊಳೆದುಕೊಂಡರು.

“ಚಾಚಾ, ಒಳಗೆ ಹೊಸ ನಲ್ಲಿ ಐತಲ್ಲಾ?” ಎಂದ ಮೇಸ್ತ್ರಿ.

“ಇರ್ಲಪ್ಪ, ಚೆನ್ನಾಗೈತೆ. ಇದಕ್ಕೂ ಬೇಕಲ್ವಾ?”

ಮರುದಿನ ಇನ್ನಿಬ್ಬರು ಅವರ ಪಕ್ಕ ಕುಳಿತರು. ಶುಕ್ರವಾರದ ಹೊತ್ತಿಗೆ ಒಳಗಿನ ಟೈಲ್ಸಿನ ಮೇಲೆ ಹನಿ ನೀರಿರಲಿಲ್ಲ. ಮರದ ಸುತ್ತ ಚೊಂಬು ಹಿಡಿದವರೇ ತುಂಬಿದ್ದರು. ನಮಾಜು ಮುಗಿಯುವಷ್ಟರಲ್ಲಿ ಮೇಸ್ತ್ರಿ ತಾನಾಗಿಯೇ ಹಾರೆ ತಂದು ಪೈಪು ಅಗೆಯುತ್ತಿದ್ದ.

ಆ ಹಿರಿಯರು ಈಗಿಲ್ಲ. ಪೈಪು ಹೊಂಗೆಯ ಬುಡಕ್ಕೇ ಬಾಯಿ ಮಾಡಿದೆ. ಜಗಳವಾಯಿತೆನ್ನುವವರೂ ಅದರ ನೆರಳಿನಲ್ಲೇ ನಿಂತು ಹಾಗೆನ್ನುತ್ತಾರೆ.