ದಾಸವಾಳದ ಕೆಳಗೊಂದು ಸಹಿ

ಸ್ನೇಹಿತರೇ, ಮನೆಯಲ್ಲಿ ನಿವೃತ್ತ ಗುಮಾಸ್ತರಿದ್ದರೆ ರಬ್ಬರ್ ಸ್ಟ್ಯಾಂಪುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ದಸರಾ ಗೊಂಬೆ ನೋಡಲು ಭವಾನಿಪುರಂನ ನಮ್ಮ ಬೀದಿಯ ಮಕ್ಕಳನ್ನು ಕರೆಯೋಣವೆಂದು ಬೆಳಿಗ್ಗೆ ಕಾರ್ಡ್ ಮಾಡಲು ಕುಳಿತೆ. ಒಂದು ದಾಸವಾಳಕ್ಕೆ ಮೂರು ಸ್ಟ್ಯಾಂಪು: ಎಸಳಿಗೆ ಕೆಂಪು, ಅದರ ಗೆರೆಗಳಿಗೆ ಕಡುಗೆಂಪು, ಕೇಸರಕ್ಕೆ ಹಳದಿ. ಒಂದರ ಮೇಲೊಂದು ಸರಿಯಾಗಿ ಕೂರಬೇಕು. ನನ್ನ ಕೈಯಲ್ಲಿ ಮೂರೂ ಮೂರು ದಿಕ್ಕಿಗೆ ಹೋದವು. ಐದು ಕಾರ್ಡ್ ಕೆಟ್ಟವು.

ಪೇಪರ್ ಓದುತ್ತಿದ್ದ ಮಾವ ಎದ್ದು ಬಂದರು. ತೆಲುಗಿನವರು, ಮೂವತ್ತು ವರ್ಷ ಕಚೇರಿಯಲ್ಲಿ ಸೀಲು ಹೊಡೆದವರು. "ಇಲಾ ಇವ್ವಮ್ಮಾ" ಎಂದು ಕೈಚಾಚಿದರು. ಕೊಟ್ಟೆ. ಟಪ್, ಟಪ್, ಟಪ್. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಇಪ್ಪತ್ತು ದಾಸವಾಳ ಅರಳಿದ್ದವು. ಪ್ರತಿ ಹೂವಿನ ಕೆಳಗೂ ಅವರ ಸಹಿ, ಇವತ್ತಿನ ತಾರೀಖು!

"ಅಯ್ಯೋ, ಮಕ್ಕಳ ಕಾರ್ಡಿಗೆ ಸಹಿ ಯಾಕೆ ಮಾವಯ್ಯಾ?" ಕೋಪ ಬಂದರೆ ನನಗೆ ಕನ್ನಡವೇ ಬರುವುದು.

ಅವರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. "ಸಂತಕಂ ಲೇಕಪೋತೇ ಚೆಲ್ಲದಮ್ಮಾ."

ಸಹಿಯಿಲ್ಲದ ಸೀಲು ನಡೆಯುವುದಿಲ್ಲವಂತೆ. ನಿವೃತ್ತರಾದ ಮೇಲೆ, ಪಿಂಚಣಿಗೊಂದು ಬಿಟ್ಟರೆ, ಇಷ್ಟು ವರ್ಷ ಅವರ ಸಹಿಯನ್ನು ಯಾರೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಇಪ್ಪತ್ತನ್ನೂ ಹಾಗೆಯೇ ಕಟ್ಟು ಕಟ್ಟಿದೆ.

ನನ್ನ ಮರ್ಯಾದೆಗೆಂದು ನಾನೂ ಒಂದು ಕಾರ್ಡ್ ಒತ್ತಿ ಕಟ್ಟಿನೊಳಗೆ ಸೇರಿಸಿದೆ. ಚೆನ್ನಾಗಿಯೇ ಬಂದಿತ್ತು. ಸಂಜೆ ಹಂಚಲು ಹೋದ ಏಳು ವರ್ಷದ ಮಗಳು ಅದೊಂದನ್ನು ವಾಪಸು ತಂದಳು.

"ಅಮ್ಮಾ, ಇದು ಚೆಲ್ಲಲ್ಲ. ತಾತನ ಸಂತಕ ಇಲ್ಲ."

ಈಗ ಆ ಕಾರ್ಡ್ ಹಿಡಿದು ಮಾವನ ಕುರ್ಚಿಯ ಪಕ್ಕ ನಿಂತಿದ್ದೇನೆ. ಸಾಹೇಬರು ಕಾಫಿ ಮುಗಿಸಿ ನೋಡುತ್ತಾರಂತೆ.